‘ನಮ್ ಹುಡುಗನಿಗೆ ತಲೆ ಇಲ್ವಾ ಮೇಷ್ಟ್ರೇ?’

ಶಾಲೆಯಲ್ಲಿ ಗಣಿತ ಹೇಳಿಕೊಡುವವರನ್ನು ಈ ಪ್ರಶ್ನೆ ಬಿಡುವುದೇ ಇಲ್ಲ. ಅಂಕಪಟ್ಟಿಗೆ ಸಹಿ ಹಾಕಲು ಬಂದ ಅಪ್ಪನೋ ಅಮ್ಮನೋ ಬಾಗಿಲ ಹತ್ತಿರವೇ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: “ನಿಜ ಹೇಳಿ ಮೇಷ್ಟ್ರೇ, ನಮ್ ಹುಡುಗನಿಗೆ ತಲೆ ಇಲ್ವಾ?” ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರು ಅದನ್ನೇ ಸ್ವಲ್ಪ ತಿರುಗಿಸಿ ಕೇಳುತ್ತಾರೆ. ಬುದ್ಧಿ ಹುಟ್ಟಿನಿಂದಲೇ ಬರುತ್ತಾ, ಇಲ್ಲ ಸುತ್ತಲಿನ ಜನರಿಂದ ಬರುತ್ತಾ? ಮೊದಲೆಲ್ಲ “ಎರಡೂ ಸೇರಿ” ಅಂತ ಹೇಳಿ ಮುಗಿಸುತ್ತಿದ್ದೆ. ಈಗ ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ಏಳನೇ ತರಗತಿಯ ಒಬ್ಬ ಹುಡುಗ ಮತ್ತು ಅರವತ್ತು ರೂಪಾಯಿಯ ಬೀನ್ಸು.

ಭಿನ್ನರಾಶಿ ಪಾಠ ನಡೆಯುತ್ತಿತ್ತು. ಬೋರ್ಡ್ ಮೇಲೆ ಮುಕ್ಕಾಲು ಗುಣಿಸು ಅರವತ್ತು ಅಂತ ಬರೆದಿದ್ದೆ. ಮೇಲೆ ಮೂರು, ಗೆರೆ, ಕೆಳಗೆ ನಾಲ್ಕು, ಪಕ್ಕದಲ್ಲಿ 60. ಈ ಹುಡುಗ ಮೇಲಿನ ಮೂರನ್ನೂ ಅರವತ್ತರಿಂದ ಗುಣಿಸಿದ, ಕೆಳಗಿನ ನಾಲ್ಕನ್ನೂ ಅರವತ್ತರಿಂದ ಗುಣಿಸಿದ. ಮೇಲೆ 180, ಕೆಳಗೆ 240. ಅದರ ಕೆಳಗೆ ನೀಟಾಗಿ ಎರಡು ಗೆರೆ ಎಳೆದು ಕೂತಿದ್ದ. ಅರವತ್ತರ ಮುಕ್ಕಾಲು ಭಾಗ ಅಂದರೆ ಒಂದಕ್ಕಿಂತ ಕಡಿಮೆ ಬರುತ್ತಾ? ಅದು ಅವನಿಗೆ ಅನ್ನಿಸಲೇ ಇಲ್ಲ. ನಾನು ಕೆಂಪು ಇಂಕಿನಲ್ಲಿ ಅಡ್ಡ ಗೆರೆ ಎಳೆದೆ. ಹುಡುಗ ತಲೆ ತಗ್ಗಿಸಿದ.

ಆ ವಾರವೇ ಸಂತೆಗೆ ಹೋಗಿದ್ದೆ. ಟಾರ್ಪಾಲಿನ ಕೆಳಗೆ, ತರಕಾರಿ ಗುಡ್ಡೆಗಳ ಹಿಂದೆ ಅದೇ ಹುಡುಗ ಕೂತಿದ್ದ. ಅವನಮ್ಮ ಟೀ ತರಲು ಹೋಗಿದ್ದರು. ಬೀನ್ಸು ಕೆಜಿಗೆ ಅರವತ್ತು, ಮುಕ್ಕಾಲು ಕೆಜಿ ಹಾಕಿಸಿಕೊಂಡೆ. ಟೊಮೆಟೊ ಕೆಜಿಗೆ ಇಪ್ಪತ್ತನಾಲ್ಕು, ಅರ್ಧ ಕೆಜಿ. ಎರಡು ಕಟ್ಟು ಕೊತ್ತಂಬರಿ, ಕಟ್ಟಿಗೆ ಹತ್ತು. ತಕ್ಕಡಿ ಇಳಿಸುವ ಮೊದಲೇ ಬಾಯಲ್ಲಿ ಲೆಕ್ಕ ಶುರುವಾಗಿತ್ತು. “ಮೂವತ್ತು, ಹದಿನೈದು, ನಲವತ್ತೈದು... ಹನ್ನೆರಡು, ಐವತ್ತೇಳು... ಎಪ್ಪತ್ತೇಳು ಸಾರ್.” ಇನ್ನೂರರ ನೋಟು ಕೊಟ್ಟೆ. ಅವನು ಕಳೆಯಲಿಲ್ಲ. ಕೈಗೆ ಮೂರು ರೂಪಾಯಿ ಇಟ್ಟು “ಎಂಬತ್ತು” ಅಂದ, ಇಪ್ಪತ್ತು ಇಟ್ಟು “ನೂರು” ಅಂದ, ನೂರರ ನೋಟು ಇಟ್ಟು “ಇನ್ನೂರು” ಅಂದ. ಆಗಲೇ ಪಕ್ಕದ ಗಿರಾಕಿ ಕಡೆ ತಿರುಗಿದ್ದ.

ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಅರವತ್ತರ ಮುಕ್ಕಾಲು ಅಂದರೆ ನಲವತ್ತೈದು. ಅರ್ಧ ಮೂವತ್ತು, ಅದರ ಅರ್ಧ ಹದಿನೈದು, ಎರಡೂ ಸೇರಿ ನಲವತ್ತೈದು. ಎರಡು ದಿನದ ಹಿಂದೆ ತಪ್ಪು ಅಂತ ನಾನು ಗೆರೆ ಎಳೆದದ್ದು ಇದೇ ಲೆಕ್ಕಕ್ಕೆ. ಲೆಕ್ಕವೂ ಅದೇ, ತಲೆಯೂ ಅದೇ. ಹಾಗಾದರೆ ಬದಲಾದದ್ದು ಏನು?

ಇದು ನಮ್ಮೂರಿನ ಹುಡುಗನೊಬ್ಬನ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬ್ರೆಜಿಲ್ ದೇಶದ ರೆಸೀಫೆ ಊರಿನಲ್ಲಿ ಇದನ್ನೇ ಕೂತು ಅಳೆದಿದ್ದಾರೆ. ತೆರೆಜಿನ್ಯಾ ಕರಾಹರ್, ಡೇವಿಡ್ ಕರಾಹರ್, ಅನಲೂಸಿಯಾ ಷ್ಲೀಮನ್ ಅನ್ನುವ ಮೂವರು 1985ರಲ್ಲಿ ಪ್ರಕಟಿಸಿದ ಕೆಲಸ ಅದು. ಬೀದಿಯಲ್ಲಿ ಎಳನೀರು, ತೆಂಗಿನಕಾಯಿ, ಹಣ್ಣು ಮಾರುವ ಐದು ಮಕ್ಕಳು, ಒಂಬತ್ತರಿಂದ ಹದಿನೈದು ವರ್ಷದವರು. ಸಂಶೋಧಕರು ಗಿರಾಕಿಗಳ ಹಾಗೆ ಹೋಗಿ ಇಷ್ಟು ಕೊಡು, ಎಷ್ಟಾಯ್ತು, ಚಿಲ್ಲರೆ ಎಷ್ಟು ಅಂತ ಕೇಳಿದರು. ನೂರಕ್ಕೆ 98 ಸರಿ ಉತ್ತರ ಬಂತು. ಆಮೇಲೆ ಅದೇ ಮಕ್ಕಳಿಗೆ ಅದೇ ಸಂಖ್ಯೆಗಳನ್ನು ಪೆನ್ಸಿಲ್ಲು, ಹಾಳೆ ಕೊಟ್ಟು ಶಾಲೆಯ ಲೆಕ್ಕದಂತೆ ಮಾಡಿಸಿದರು. ಸರಿ ಬಂದದ್ದು ನೂರಕ್ಕೆ ಸುಮಾರು 37. ಅದೇ ಸಂಖ್ಯೆಗಳನ್ನು ಕಥೆಯ ಲೆಕ್ಕವಾಗಿ ಕೊಟ್ಟರೆ ಸುಮಾರು 74.

ಅದರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ಇದ್ದಾನೆ. ಕಾಯಿ ಒಂದಕ್ಕೆ ಮೂವತ್ತೈದು, ಹತ್ತು ಕಾಯಿಗೆ ಎಷ್ಟು ಅಂತ ಕೇಳಿದರೆ, ಪಕ್ಕದಲ್ಲಿ ಸೊನ್ನೆ ಹಾಕು ಅಂತ ಶಾಲೆ ಹೇಳುತ್ತದಲ್ಲ, ಅವನು ಹಾಗೆ ಮಾಡಲಿಲ್ಲ. ಮೂರು ಕಾಯಿಗೆ ನೂರೈದು, ಇನ್ನೊಂದು ಮೂರು ಸೇರಿದರೆ ಇನ್ನೂರ ಹತ್ತು, ಇನ್ನೊಂದು ಮೂರು ಸೇರಿದರೆ ಮುನ್ನೂರ ಹದಿನೈದು, ಇನ್ನೊಂದು ಸೇರಿದರೆ ಮುನ್ನೂರೈವತ್ತು ಅಂತ ಬಂದ. ಮೂರು ಕಾಯಿಯ ಬೆಲೆ ಅವನಿಗೆ ಬಾಯಲ್ಲೇ ಇತ್ತು. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಸಂತೆ, ಆ ಟಾರ್ಪಾಲು.

ಸುತ್ತಲಿನ ಜನ ಯಾವುದನ್ನು ದಿನಾ ಕೇಳುತ್ತಾರೋ ಅದಕ್ಕೆ ಮಗುವಿನ ತಲೆ ದಾರಿ ಮಾಡಿಕೊಳ್ಳುತ್ತದೆ. ಸಂತೆಯಲ್ಲಿ ಜನ ಕಾಲು ಕೇಳುತ್ತಾರೆ, ಅರ್ಧ ಕೇಳುತ್ತಾರೆ, ಮುಕ್ಕಾಲು ಕೇಳುತ್ತಾರೆ. ಅಲ್ಲಿ ತಪ್ಪಿದರೆ ಕೈಯಿಂದ ದುಡ್ಡು ಹೋಗುತ್ತದೆ, ಇಲ್ಲ ಗಿರಾಕಿ ಜಗಳ ಆಡುತ್ತಾನೆ. ಕ್ಲಾಸಿನಲ್ಲಿ ತಪ್ಪಿದರೆ ಒಂದು ಕೆಂಪು ಗೆರೆ ಬೀಳುತ್ತದೆ, ಅಷ್ಟೇ.

ನಮ್ಮ ಭಾಷೆಯನ್ನೇ ನೋಡಿ. ನಮ್ಮ ಅಜ್ಜಿ ಕಾಲು, ಅರೆಕಾಲು, ವೀಸ ಅಂತ ಲೆಕ್ಕ ಹಾಕುತ್ತಿದ್ದರು. ಅಂದರೆ ನಾಲ್ಕರಲ್ಲಿ ಒಂದು, ಎಂಟರಲ್ಲಿ ಒಂದು, ಹದಿನಾರರಲ್ಲಿ ಒಂದು. ಎಲ್ಲವೂ ಅರ್ಧ ಮಾಡುತ್ತಾ ಹೋದರೆ ಸಿಗುವ ಸಂಖ್ಯೆಗಳು. ಕಾಳಿನ ಗುಡ್ಡೆಯನ್ನು ಕೈಯಲ್ಲಿ ಎರಡು ಮಾಡಿ, ಮತ್ತೆ ಎರಡು ಮಾಡಿ ಹಂಚುವ ಜನಕ್ಕೆ ಅದೇ ಸಲೀಸು. ರೂಪಾಯಿಗೂ ಆಗ ಹದಿನಾರು ಆಣೆ ಇತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಆದರೂ ಜನ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆದರು, ಆ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಗುವವರೆಗೂ. ಹದಿನಾರಾಣೆ ಸತ್ಯ ಅಂತ ಈಗಲೂ ಅನ್ನುತ್ತೇವೆ, ಅಲ್ವಾ? ಉಡುಪಿ ಕಡೆ ಶಂಕರಪುರ ಮಲ್ಲಿಗೆಯನ್ನು ಚೆಂಡು, ಅಟ್ಟೆ ಅಂತ ಎಣಿಸುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಕಡೆ ಹೂವು ಕಟ್ಟುವ ಮನೆಯ ಮಗುವಿಗೆ ಇದನ್ನು ಯಾರೂ ಕೂರಿಸಿ ಪಾಠ ಮಾಡುವುದಿಲ್ಲ, ಕಟ್ಟುತ್ತಾ ಕಟ್ಟುತ್ತಾ ಬರುತ್ತದೆ.

ಲೆಕ್ಕ ಬಿಡಿ, ‘ಇದು ಸರಿಯಾದ ಉತ್ತರ’ ಅನ್ನುವುದನ್ನು ಕೂಡ ನಾವು ಸುತ್ತಲಿನವರಿಂದಲೇ ಕಲಿಯುತ್ತೇವೆ. ಇದು ನನಗೆ ಅರ್ಥವಾಗಲು ಜಾಸ್ತಿ ದಿನ ಹಿಡಿಯಿತು. ರಷ್ಯಾದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿದ್ದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ, ಈ ನಾಲ್ಕು ಚಿತ್ರ ತೋರಿಸಿ, ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿದರು. ನಾವು ಶಾಲೆ ಓದಿದವರು ಥಟ್ಟಂತ ದಿಮ್ಮಿ ಅನ್ನುತ್ತೇವೆ, ಉಳಿದ ಮೂರೂ ಉಪಕರಣ. ಓದು ಬರಹ ಬಾರದ ರೈತರು ಒಪ್ಪಲಿಲ್ಲ. ಎಲ್ಲವೂ ಬೇಕು, ದಿಮ್ಮಿ ಇಲ್ಲದೆ ಗರಗಸ ಏನು ಮಾಡುತ್ತದೆ ಅಂದರು. ಬೇರೊಬ್ಬರು ದಿಮ್ಮಿಯನ್ನು ತೆಗೆದರಲ್ಲಾ ಅಂತ ಹೇಳಿದ್ದಕ್ಕೆ ಒಬ್ಬ ರೈತ, ಅವರ ಮನೆಯಲ್ಲಿ ಸೌದೆ ಬೇಕಾದಷ್ಟು ಇರಬೇಕು ಅಂದನಂತೆ. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಮನುಷ್ಯ ತನ್ನ ಬದುಕಿಗೆ ಸರಿಯಾಗಿ, ಪೂರ್ತಿ ಯೋಚನೆ ಮಾಡಿಯೇ ಉತ್ತರ ಕೊಟ್ಟಿದ್ದಾನೆ. ಅದೇ ಹಳ್ಳಿಗಳಲ್ಲಿ ಸ್ವಲ್ಪ ದಿನ ಶಾಲೆಗೆ ಹೋಗಿಬಂದವರು ಮಾತ್ರ ನಮ್ಮ ಹಾಗೆ ಗುಂಪು ಮಾಡಿದರು. ಹುಟ್ಟಿನಿಂದ ಬಂದ ತಲೆ ಅಷ್ಟು ಬೇಗ ಬದಲಾಗಲ್ಲ. ಬದಲಾದದ್ದು ಅವರು ಒಡನಾಡಿದ ಜನ, ಅಲ್ಲಿ ಕೇಳುವ ಪ್ರಶ್ನೆಯ ರೀತಿ.

ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಕ್ಪೆಲ್ಲೆ ಜನರ ಪ್ರಸಂಗವನ್ನಂತೂ ಹೊಸದಾಗಿ ಬರುವ ಶಿಕ್ಷಕರಿಗೆಲ್ಲ ಹೇಳುತ್ತೇನೆ. ಸಂಶೋಧಕರು ಇಪ್ಪತ್ತು ವಸ್ತು ಕೊಟ್ಟು ಗುಂಪು ಮಾಡಿ ಅಂದರು. ಅವರು ಚಾಕುವಿನ ಜೊತೆ ಕಿತ್ತಳೆ ಇಟ್ಟರು, ಕಿತ್ತಳೆ ಕೊಯ್ಯುವುದು ಚಾಕುವಿನಿಂದ ತಾನೇ. ಬುದ್ಧಿವಂತನಾದವನು ಹೀಗೇ ಇಡುತ್ತಾನೆ ಅಂದರು. ಕೊನೆಗೆ ಸಂಶೋಧಕರು, ಹಾಗಾದರೆ ದಡ್ಡನಾದವನು ಹೇಗೆ ಇಡುತ್ತಾನೆ ಅಂತ ಕೇಳಿದರು. ಕೂಡಲೇ ತಿಂಡಿಯೆಲ್ಲ ಒಂದು ಕಡೆ, ಪಾತ್ರೆಯೆಲ್ಲ ಒಂದು ಕಡೆ, ಬಟ್ಟೆ ಒಂದು ಕಡೆ, ಉಪಕರಣ ಒಂದು ಕಡೆ ಇಟ್ಟು ತೋರಿಸಿದರು! ನಮ್ಮ ಪಠ್ಯಪುಸ್ತಕ ಯಾವುದನ್ನು ಜಾಣತನ ಅಂತ ಅಂಕ ಕೊಡುತ್ತದೋ ಅದು ಅವರಿಗೆ ಗೊತ್ತಿತ್ತು. ಆದರೆ ಅವರ ಊರಿನಲ್ಲಿ ಅದಕ್ಕೆ ಜಾಣತನ ಅನ್ನುವುದಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಪೋಷಕರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಹಾಗಾದರೆ ಶಾಲೆ ಯಾಕೆ ಮೇಷ್ಟ್ರೇ, ಸಂತೆಯಲ್ಲೇ ಕೂರಿಸಿದರೆ ಸಾಲದಾ? ಸಾಲದು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ನಡೆದುಕೊಂಡು ಬರುವುದಿಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಅದರ ತಂಡದಲ್ಲಿದ್ದಾರೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ರೀತಿಯ ಲೆಕ್ಕಕ್ಕೆ ಬಂದಾಗ ಸೋತರು. ಅಂಗಡಿಯಲ್ಲಿ ಕೆಲಸ ಮಾಡದ ಶಾಲೆಯ ಮಕ್ಕಳು ಹಾಳೆಯ ಮೇಲೆ ಚೆನ್ನಾಗಿ ಮಾಡಿದರು, ವ್ಯಾಪಾರದ ಲೆಕ್ಕ ಬಂದಾಗ ತಡವರಿಸಿದರು. ಈ ಎರಡನೆಯ ಮಾತನ್ನು ನಾವು ಮೇಷ್ಟ್ರುಗಳು ಜಾಸ್ತಿ ಹೊತ್ತು ಯೋಚಿಸಬೇಕು. ನೂರಕ್ಕೆ ತೊಂಬತ್ತು ತೆಗೆದ ಮಗುವನ್ನೂ ನಾವು ಒಂದೇ ದಡದಲ್ಲಿ ನಿಲ್ಲಿಸಿದ್ದೇವೆ.

ಸಂತೆಯ ತಿಳಿವಳಿಕೆಗೂ ಒಂದು ಮಿತಿ ಇದೆ. ಅಲ್ಲಿ ಯಾರೂ ಕೇಳದ ಪ್ರಶ್ನೆಗಳಿವೆ. ಆ ಹುಡುಗನ ತಾಯಿ ವಾರಕ್ಕೆ ನಾಲ್ಕು ಊರಿನ ಸಂತೆ ಮಾಡುತ್ತಾರೆ. ಬೆಳಿಗ್ಗೆ ಮಾಲು ಎತ್ತಲು ಸಾಲ ತೆಗೆಯುತ್ತಾರೆ. ಸಾಲ ಕೊಡುವವರು ಎರಡು ಸಾವಿರ ಅಂತ ಹೇಳಿ ಕೈಗೆ ಸಾವಿರದ ಎಂಟುನೂರು ಕೊಡುತ್ತಾರೆ, ಸಂಜೆ ಎರಡು ಸಾವಿರ ವಾಪಸ್ ಕೊಡಬೇಕು. “ಅದೇನು ಮಹಾ ಮೇಷ್ಟ್ರೇ, ನೂರಕ್ಕೆ ಹತ್ತು ಹಿಡ್ಕೋತಾರೆ, ಅವರಿಗೂ ಬದುಕಬೇಕಲ್ಲ” ಅಂದರು ಆ ತಾಯಿ. ಐವತ್ತು ಪೈಸೆ ತಪ್ಪದ ಹಾಗೆ ಲೆಕ್ಕ ಹಾಕುವ ಹೆಂಗಸು ಅವರು. ವರ್ಷಕ್ಕೆ ಎಷ್ಟಾಯಿತು ಅಂತ ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಪಕ್ಕದ ಅಂಗಡಿಯವರೂ ಕೇಳಿಕೊಂಡಿರಲಿಲ್ಲ. ದಿನದ ದುಡಿಮೆ ದಿನಕ್ಕೇ ಮುಗಿಯುವ ಕಡೆ ವರ್ಷದ ಪ್ರಶ್ನೆ ಹುಟ್ಟುವುದಿಲ್ಲ.

ಅದಕ್ಕೆ ಆಮೇಲೆ ನಾನು ಪಾಠದ ರೀತಿ ಬದಲಾಯಿಸಿದೆ. ಭಿನ್ನರಾಶಿ ದಿನ ಬೋರ್ಡ್ ಮೇಲೆ ಮೊದಲು ಸಂಖ್ಯೆ ಬರೆಯುವುದಿಲ್ಲ. “ಬೀನ್ಸು ಕೆಜಿಗೆ ಅರವತ್ತು, ಮುಕ್ಕಾಲು ಕೆಜಿ ಕೊಡಪ್ಪ” ಅಂತ ಶುರು ಮಾಡುತ್ತೇನೆ. ಉತ್ತರ ಬಾಯಲ್ಲಿ ಬಂದ ಮೇಲೆ, ಅದು ಹೇಗೆ ಬಂತು ಅಂತ ಮಗುವಿನಿಂದಲೇ ಹೇಳಿಸಿ, ಅದನ್ನೇ ಗೆರೆ ಎಳೆದು ಬರೆಸುತ್ತೇನೆ. ಅರ್ಧ ಮೂವತ್ತು, ಅದರ ಅರ್ಧ ಹದಿನೈದು. ಆಮೇಲೆ ಮೂರು, ಗೆರೆ, ನಾಲ್ಕು. ಒಂದು ದಿನ ಅದೇ ಹುಡುಗ ತನ್ನ ಹಳೆಯ 180, 240ರ ಹಾಳೆ ತೆಗೆದು, “ಸಾರ್, ಇದು ಒಂದು ರೂಪಾಯಿನೂ ಆಗಲ್ಲ. ಮುಕ್ಕಾಲು ಕೆಜಿ ಬೀನ್ಸು ಹನ್ನೆರಡಾಣೆಗೆ ಯಾರು ಕೊಡ್ತಾರೆ?” ಅಂದ. ಹನ್ನೆರಡಾಣೆ ಅನ್ನುವ ಮಾತು ಅವನಿಗೆ ಅವನಜ್ಜಿಯಿಂದ ಬಂದದ್ದು.

ಶೇಕಡಾ ಪಾಠಕ್ಕೆ ಬಂದಾಗ, ನಿಮ್ಮ ಮನೆಯ ಒಂದು ಲೆಕ್ಕ ತನ್ನಿ ಅಂದಿದ್ದೆ. ಅವನು ಅಮ್ಮನ ಸಾಲದ ಲೆಕ್ಕ ತಂದ. ಕೈಗೆ ಬರುವುದು ಸಾವಿರದ ಎಂಟುನೂರು, ಅವರು ಹಿಡಿದುಕೊಳ್ಳುವುದು ಇನ್ನೂರು, ಹಾಗಾಗಿ ನೂರಕ್ಕೆ ಹತ್ತಲ್ಲ, ಹನ್ನೊಂದರ ಮೇಲೆ ಅಂತ ಮೊದಲು ಕಂಡುಹಿಡಿದ. ಆಮೇಲೆ ವಾರಕ್ಕೆ ನಾಲ್ಕು ಸಂತೆ, ವರ್ಷಕ್ಕೆ 52 ವಾರ, 208 ಸಂತೆ. ಇನ್ನೂರು ಗುಣಿಸು 208. ಕೆಳಗೆ 41,600 ಅಂತ ಬರೆದು, ಅವತ್ತಿನ ಹಾಗೇ ಎರಡು ಗೆರೆ ಎಳೆದಿದ್ದ. ತಿದ್ದಲು ಏನೂ ಇರಲಿಲ್ಲ.

ಮುಂದಿನ ಸಂತೆಯಲ್ಲಿ ಆ ತಾಯಿ ನನ್ನನ್ನು ನೋಡಿ ತಕ್ಕಡಿ ಕೆಳಗಿಟ್ಟರು. “ನಲವತ್ತೊಂದು ಸಾವಿರ ಅಂತಾನಲ್ಲ ಮೇಷ್ಟ್ರೇ, ಹೌದಾ?” ಹೌದಮ್ಮ ಅಂದೆ. ಸ್ವಲ್ಪ ಹೊತ್ತು ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಾ ಕೂತರು. ಆಮೇಲೆ ಬೆರಳು ಮಡಿಸುತ್ತಾ ತಮ್ಮಷ್ಟಕ್ಕೆ ಶುರು ಮಾಡಿದರು. “ಸಂತೆಗೆ ಐವತ್ತು ಎತ್ತಿಟ್ರೆ ಎರಡು ಸಂತೆಗೆ ನೂರು. ಹದಿನೆಂಟು ನೂರಕ್ಕೆ ಮೂವತ್ತಾರು ಸಂತೆ. ಒಂಬತ್ತು ವಾರ.” ಮಗನ ಕಡೆ ತಿರುಗಿ ಹೇಳಿದರು, “ಆ ಹಾರ್ಲಿಕ್ಸ್ ಡಬ್ಬಿ ತೊಳೆದಿಡು.”