ಎಡ ರೆಕ್ಕೆ, ಎರಡನೇ ಸಲ

ನನ್ನ ಮಾದರಿ ವಿಮಾನಕ್ಕೆ ಹೋದ ತಿಂಗಳು ಮಾಡಿದ ಎಡ ರೆಕ್ಕೆ ಬಗ್ಗುತ್ತಿರಲಿಲ್ಲ. ಆದರೆ ಎರಡೂ ತುದಿ ಹಿಡಿದು ಹಿಂಡಿದರೆ ತಿರುಚಿಕೊಳ್ಳುತ್ತಿತ್ತು. ಫೋಮ್ ಮೇಲೆ ಹೊದಿಸಿದ ಗ್ಲಾಸ್ ಬಟ್ಟೆಯ (ಗಾಜಿನ ನೂಲಿನ ಬಟ್ಟೆ) ಹಾಸು ನೂಲನ್ನು ರೆಕ್ಕೆಯ ಉದ್ದಕ್ಕೆ, ಹೊಕ್ಕು ನೂಲನ್ನು ಅಡ್ಡಕ್ಕೆ ಹಾಕಿದ್ದೆ. ತಿರುಚುವ ಬಲ ಎಳೆಯುವುದು ಓರೆಯಾಗಿ. ಆ ದಿಕ್ಕಿಗೆ ಒಂದು ನೂಲೂ ಇರಲಿಲ್ಲ.

ನೂಲು, ಅಂಟು ಸೇರಿಸಿ ಮಾಡುವ ಕಾಂಪೊಸಿಟ್‌ನ ಗುಟ್ಟೇ ಇದು. ಭಾರ ಹೊರುವುದು ನೂಲು, ಆ ನೂಲು ಅಲುಗದಂತೆ ಹಿಡಿಯುವುದು ಎಪಾಕ್ಸಿ ಎಂಬ ಅಂಟು. ಅಲ್ಯೂಮಿನಿಯಂ ಹಾಳೆಗೆ ಎಲ್ಲ ದಿಕ್ಕೂ ಹೆಚ್ಚುಕಡಿಮೆ ಒಂದೇ, ಇಲ್ಲಿ ದಿಕ್ಕನ್ನು ನಾವೇ ಆರಿಸಬೇಕು. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಕಟ್ಟಿದ ಹಂಸ ವಿಮಾನದ ಮೈಯೆಲ್ಲ ಕಾಂಪೊಸಿಟ್. ತೇಜಸ್‌ನ ತೂಕದಲ್ಲಿ ಸುಮಾರು 45%, ಬೋಯಿಂಗ್ 787ರಲ್ಲಿ 50% ಇದೇ. ಅಂಥ ದೊಡ್ಡ ವಿಮಾನಗಳಲ್ಲೂ 0, 45, 90 ಡಿಗ್ರಿ ಅಂತ ತಿರುಗಿಸಿ ತಿರುಗಿಸಿಯೇ ಪದರ ಹಾಕುತ್ತಾರೆ.

ಈ ಸಲ ಬಟ್ಟೆಯನ್ನು 45 ಡಿಗ್ರಿಗೆ ಕತ್ತರಿಸಿದೆ. ಪಕ್ಕದ ಬೀದಿಯ ಟೈಲರ್ ಅಕ್ಕ ನೋಡಿ, "ಇದು ಕ್ರಾಸ್ ಕಟ್ ಅಲ್ವೇನಪ್ಪಾ? ಮೈಗೆ ಚೆನ್ನಾಗಿ ಕೂರುತ್ತೆ" ಅಂದರು. ನಿಜ, ರೆಕ್ಕೆಯ ಮುಂದಿನ ಅಂಚಿನ ತಿರುವಿನಲ್ಲಿ ಒಂದು ಸುಕ್ಕೂ ಬೀಳಲಿಲ್ಲ. ಬಗ್ಗದಿರಲು ಮೇಲೊಂದು ಕೆಳಗೊಂದು ಕಾರ್ಬನ್ ಪಟ್ಟಿ, ಉದ್ದಕ್ಕೆ.

ಬಟ್ಟೆ ತೂಗಿದಷ್ಟೇ ಎಪಾಕ್ಸಿ. 30 ಗ್ರಾಂ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 3 ಗ್ರಾಂ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಗಾಳಿ ಎಳೆದೆ. ಪೂರ್ತಿ ಎಳೆದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಬೀಳುತ್ತದೆ, ಒಳಗಿನ ಫೋಮ್ ಅಪ್ಪಚ್ಚಿಯಾಗುತ್ತದೆ. ಅದಕ್ಕೇ ಅರ್ಧಕ್ಕೆ ನಿಲ್ಲಿಸಿದೆ. ಕಾರ್ಖಾನೆಯಲ್ಲಾದರೆ ಆಟೋಕ್ಲೇವ್ ಇರುತ್ತದೆ, ಬಿಸಿ ಮತ್ತು ಒತ್ತಡ ಎರಡನ್ನೂ ಕೊಡುವ ದೊಡ್ಡ ಕುಕ್ಕರ್ ಇದ್ದಂತೆ.

ಬೆಳಿಗ್ಗೆ ಚೀಲ ಬಿಚ್ಚಿದೆ. ತೂಕ 158 ಗ್ರಾಂ, ಹಳೆಯದು 190 ಇತ್ತು. ಹಿಂಡಿ ನೋಡಿದೆ, ಜಗ್ಗಲಿಲ್ಲ! ತುಂಬಾ ಖುಷಿಯಾಯಿತು.

ಆಮೇಲೆ ನಾಣ್ಯ ಪರೀಕ್ಷೆ. ಸಂತೆಯಲ್ಲಿ ಗಡಿಗೆ ತಟ್ಟಿ ನೋಡುವುದಿಲ್ಲವೇ, ಹಾಗೆಯೇ ಒಂದು ರೂಪಾಯಿಯಿಂದ ಇಂಚಿಂಚೂ ತಟ್ಟುತ್ತಾ ಹೋದೆ. ಟಕ್ ಟಕ್ ಅನ್ನುತ್ತಿದ್ದದ್ದು ಹಿಂದಿನ ಅಂಚಿನ ಹತ್ತಿರ ಒಂದು ಕಡೆ ದಬ್ ಅಂದಿತು. ಉಗುರಿನಗಲ ಜಾಗ, ಅಲ್ಲಿ ಬಟ್ಟೆ ಫೋಮ್‌ಗೆ ಹಿಡಿದಿಲ್ಲ. ಸಣ್ಣ ತೂತು ಎರಡು ಕೊರೆದು, ಒಂದರಿಂದ ಸಿರಿಂಜ್‌ನಲ್ಲಿ ಎಪಾಕ್ಸಿ ಬಿಟ್ಟೆ. ಇನ್ನೊಂದರಿಂದ ಉಕ್ಕಿ ಬಂದ ಮೇಲೆ ಟೇಪ್ ಹಚ್ಚಿ, ಮೇಲೆ ಭಾರ ಇಟ್ಟಿದ್ದೇನೆ. ನಾಳೆ ಮತ್ತೆ ತಟ್ಟಿ ನೋಡಿ, ಸರಿಯಿದ್ದರೆ ಬಲ ರೆಕ್ಕೆ ಶುರು.