ಹವಾಸ್ಸಾ ಯಾರದು?

ಇಥಿಯೋಪಿಯಾದ ಹಳೇ ನಕ್ಷೆ, ಹೊಸ ನಕ್ಷೆ ಎರಡನ್ನೂ ಇವತ್ತು ಪಕ್ಕಪಕ್ಕ ಇಟ್ಟು ನೋಡಿದೆ. 1995ರಲ್ಲಿ 9 ರಾಜ್ಯ. ಈಗ 12. ಕಣ್ಣು ನಿಂತಿದ್ದು ಮಾತ್ರ ಹವಾಸ್ಸಾ ಮೇಲೆ.

ಸರೋವರದ ಪಕ್ಕದ ಊರು. ಮೊದಲು 50ಕ್ಕೂ ಜಾಸ್ತಿ ಸಮುದಾಯಗಳಿದ್ದ ದಕ್ಷಿಣ ರಾಜ್ಯದ ರಾಜಧಾನಿ. ಆ ರಾಜ್ಯದಲ್ಲಿ ಸಿದಾಮರೇ ದೊಡ್ಡ ಸಮುದಾಯ, ಇಡೀ ದೇಶದ ಲೆಕ್ಕದಲ್ಲಿ ಸಣ್ಣವರು. 2019ರ ನವೆಂಬರ್‌ನಲ್ಲಿ ಮತ ಹಾಕಿದರು. ನೂರಕ್ಕೆ 98ಕ್ಕೂ ಹೆಚ್ಚು ಮತ ಬೇರೆ ರಾಜ್ಯದ ಪರ ಬಂತು. ಎಷ್ಟೋ ವರ್ಷಗಳ ಆಸೆ, ಖುಷಿ ಆಗದೆ ಇರುತ್ತಾ?

ಆದರೆ ಅದೇ ಊರಲ್ಲಿ ವೊಲೈತಾ ಜನರೂ ಇದ್ದಾರೆ. ಎಲ್ಲರದೂ ಆಗಿದ್ದ ರಾಜಧಾನಿ ಈಗ ಸಿದಾಮ ರಾಜ್ಯದ್ದು. ಮನೆ ಬದಲಾಗಲಿಲ್ಲ, ಅವರು ಮಾತ್ರ ಇನ್ನೊಬ್ಬರ ರಾಜ್ಯದ ಅಲ್ಪಸಂಖ್ಯಾತರಾದರು. 2018ರಲ್ಲಿ ಅಲ್ಲಿ ಈ ಎರಡು ಸಮುದಾಯಗಳ ನಡುವೆ ಗಲಭೆಯಾಗಿ ಜೀವಗಳು ಹೋಗಿದ್ದವು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ.

ವೊಲೈತಾದವರೂ ತಮ್ಮದೇ ರಾಜ್ಯ ಕೇಳಿದರು. ಸಿಗಲಿಲ್ಲ. 2023ರಲ್ಲಿ ಹಲವು ಸಮುದಾಯಗಳ ಜೊತೆ ಒಂದೇ ರಾಜ್ಯಕ್ಕೆ ಸೇರಿಸಿದರು. ಸಂವಿಧಾನದ 47ನೇ ವಿಧಿ ತಮ್ಮದೇ ರಾಜ್ಯ ಮಾಡಿಕೊಳ್ಳುವ ಹಕ್ಕು ಎಲ್ಲ ಸಮುದಾಯಕ್ಕೂ ಇದೆ ಅನ್ನುತ್ತದೆ, ಅಲ್ವಾ? ಮತ್ತೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಯಾಕಿಲ್ಲ?

ಸಿದಾಮರ ಗೆಲುವು ನ್ಯಾಯವೇ. ಆದರೆ ನನಗೆ ಜಾಸ್ತಿ ಕಾಡುವುದು ಹೊಸ ಗಡಿಯೊಳಗೆ ಉಳಿದುಹೋದ ಸಣ್ಣವರ ಕೆಲಸ, ಜಮೀನು, ಮಕ್ಕಳ ಶಾಲೆಯ ಭಾಷೆ.