ನೀವು ಯಾರು ಅಂತ ಗೊತ್ತಾಯಿತು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ನ್ಯೂಸ್‌ಲೆಟರ್‌ನ ಒಂದು ಮೇಲ್‌ಗೆ ಸೆಂಡ್ ಒತ್ತಿದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಸ್ಕ್ರೀನ್ ಕಡೆ ಬಗ್ಗಿ, "ಮೇಡಂ, ಸೆಗ್ಮೆಂಟ್ ಹಾಕಿದ್ರಾ?" ಅಂದರು. ಅಂದರೆ ಯಾರಿಗೆ ಮಾತ್ರ ಹೋಗಬೇಕು ಅಂತ ಆರಿಸಿದ್ರಾ ಅಂತ. ಹಾಕಿರಲಿಲ್ಲ. ಹೊಸಬರಿಗೆ ಮಾತ್ರ ಹೋಗಬೇಕಿದ್ದ ಪರಿಚಯ ಪತ್ರ ಪೂರ್ತಿ ಲಿಸ್ಟ್‌ಗೆ ಹೊರಟಿತ್ತು.

ನಮ್ಮ ಟೂಲ್ ಬ್ಯಾಚ್ ಬ್ಯಾಚ್ ಆಗಿ ಕಳಿಸುತ್ತದೆ. ನಿಲ್ಲಿಸುವ ಬಟನ್ ಕಣ್ಣ ಮುಂದೇ ಇತ್ತು. ಕರ್ಸರ್ ಅದರ ಮೇಲೇ ಇತ್ತು. ಎಣಿಕೆ ಏರುತ್ತಿತ್ತು, ನಾನು ನೋಡುತ್ತಾ ಕೂತಿದ್ದೆ. "ನಿಲ್ಲಿಸಿ ಮೇಡಂ, ಇನ್ನೂ ಅರ್ಧ ಬಾಕಿ ಇದೆ" ಅಂತ ಅವರು ಎರಡು ಸಲ ಹೇಳಿದರು. ನಾನು ಹೇಳಿದ್ದು ಇಷ್ಟು: "ಹೋಗಲಿ ಬಿಡಿ. ಹಳಬರಿಗೂ ನನ್ನ ಬಗ್ಗೆ ತಿಳಿದರೆ ಒಳ್ಳೆಯದೇ ಅಲ್ವಾ?" ಕೈ ತಪ್ಪಿ ಆದದ್ದನ್ನು ಮರೆಯಬಹುದು. ಇದು ಹಾಗಲ್ಲ. ಆರು ನಿಮಿಷ ಸಮಯವಿತ್ತು, ನಾನು ಬೇಕೆಂದೇ ಬಿಟ್ಟೆ.

ನಾನು ಮೊದಲು ನರ್ಸ್ ಆಗಿದ್ದೆ. ಈಗ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗಾಗಿ ವಾರಕ್ಕೊಂದು ನ್ಯೂಸ್‌ಲೆಟರ್ ಬರೆಯುತ್ತೇನೆ. ನನ್ನ ಹೆಸರಿನಲ್ಲೇ ಹೋಗುತ್ತದೆ. ಸಂಬಳ ಕೊಡುವುದು ಒಂದು ಸಣ್ಣ ಪ್ರಕಾಶನ. ಆ ವಾರ ಇನ್ನೊಬ್ಬ ಲೇಖಕರು ತಮ್ಮ ಓದುಗರಿಗೆ ನಮ್ಮದನ್ನು ರೆಕಮೆಂಡ್ ಮಾಡಿದ್ದರು. ಎರಡೇ ದಿನದಲ್ಲಿ ಎರಡು ಸಾವಿರ ಜನ ಬಂದರು. ಹೀಗೆ ಬರುವವರು ನಮ್ಮನ್ನು ಹುಡುಕಿಕೊಂಡು ಬಂದವರಲ್ಲ. ಬೇರೆ ಯಾವುದಕ್ಕೋ ಸೈನ್ ಅಪ್ ಆಗುವಾಗ ಕಂಡ ಒಂದು ಟಿಕ್ ಬಾಕ್ಸ್ ಅಷ್ಟೇ. ಮರುದಿನಕ್ಕೆ ಎಷ್ಟೋ ಜನರಿಗೆ ಅದು ನೆನಪೂ ಇರುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಕೂತು ನನ್ನ ಜೀವನ ಬರೆದೆ. ಎಲ್ಲಿ ಓದಿದೆ, ಯಾವ ಯಾವ ವಾರ್ಡ್‌ನಲ್ಲಿ ಇದ್ದೆ, ಕೆಲಸ ಯಾಕೆ ಬಿಟ್ಟೆ, ಬರೆಯಲು ಹೇಗೆ ಶುರು ಮಾಡಿದೆ, ಎಲ್ಲ.

ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬಂದವು. ಹೊಸಬರೊಬ್ಬರು ಬರೆದಿದ್ದರು: "ನೀವು ಯಾರು ಅಂತ ಗೊತ್ತಾಯಿತು. ನನಗೆ ಯಾಕೆ ಬರೆಯುತ್ತಿದ್ದೀರಿ ಅಂತ ಗೊತ್ತಾಗಲಿಲ್ಲ." ಅದನ್ನು ಹೇಗೋ ತಡೆದುಕೊಂಡೆ. ಆಮೇಲೆ ಒಬ್ಬ ಹಳೆಯ ಓದುಗರದ್ದು ಬಂತು. "ಮೂರು ವರ್ಷದಿಂದ ಓದುತ್ತಿದ್ದೇನೆ. ಅಪ್ಪ ತೀರಿಕೊಂಡ ವಾರ ನಿಮಗೆ ಬರೆದಿದ್ದೆ, ನೀವು ಉತ್ತರವನ್ನೂ ಕೊಟ್ಟಿದ್ದಿರಿ. ಇವತ್ತು 'ಹೊಸ ಗೆಳೆಯರೇ' ಅಂತ ಕರೆದಿದ್ದೀರಿ."

ಅವರ ಹೆಸರು ನನಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಜಾಸ್ತಿ ನೋವಾಯಿತು.

ಇನ್ನೊಂದು ತೊಂದರೆ ಸಂಜೆ ಗೊತ್ತಾಯಿತು. ಜಿಮೇಲ್‌ನಲ್ಲಿ ಒಂದು ಮೇಲ್ ಸುಮಾರು 102 ಕೆಬಿ ದಾಟಿದರೆ ಉಳಿದ ಭಾಗ ಮುಚ್ಚಿಹೋಗುತ್ತದೆ, ಕೆಳಗೆ ಒಂದು ಲಿಂಕ್ ಮಾತ್ರ ಕಾಣುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮಲ್ಲಿ ಅಕ್ಷರಕ್ಕೆ 3 ಬೈಟ್, ಗುಣಿತದ ಚಿಹ್ನೆಗೆ ಇನ್ನೂ 3, ಒತ್ತಕ್ಷರಕ್ಕೆ ಇನ್ನೂ 6. ಮೇಲ್‌ನ ವಿನ್ಯಾಸಕ್ಕೆ ಬೇಕಾದ ಟೆಂಪ್ಲೇಟ್ ಕೋಡ್ ಬೇರೆ. ನನ್ನ ಉದ್ದದ ಕಥೆ ಮಿತಿ ದಾಟಿತ್ತು. ಅನ್‌ಸಬ್‌ಸ್ಕ್ರೈಬ್ (ಪತ್ರ ನಿಲ್ಲಿಸುವ) ಲಿಂಕ್ ಇದ್ದದ್ದು ಮೇಲ್‌ನ ಕೊನೆಯ ಫೂಟರ್‌ನಲ್ಲಿ, ಅದೂ ಮುಚ್ಚಿಹೋಯಿತು. ಹೊರಗೆ ಹೋಗುವ ದಾರಿ ಕಾಣದಿದ್ದರೆ ಜನ ಏನು ಮಾಡುತ್ತಾರೆ? ಸ್ಪ್ಯಾಮ್ ಒತ್ತುತ್ತಾರೆ. ಒತ್ತಿದರು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ಅಂದರೆ ಸಾವಿರಕ್ಕೆ ಬರೀ ಮೂರು ಜನ.

ಮೀಟಿಂಗ್‌ನಲ್ಲಿ ಇದನ್ನೆಲ್ಲ ಹೇಳಿದೆ. ಮ್ಯಾನೇಜರ್ ಗ್ರಾಫ್ ತೋರಿಸಿ, "ಓಪನ್ ರೇಟ್ ಚೆನ್ನಾಗಿದೆಯಲ್ಲ" ಅಂದರು. ಓಪನ್ ರೇಟ್ ಅಂದರೆ ನೂರರಲ್ಲಿ ಎಷ್ಟು ಜನ ಪತ್ರ ತೆರೆದರು ಅನ್ನುವ ಲೆಕ್ಕ. ಈ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೇಲ್‌ನಲ್ಲಿ ಅಡಗಿಸಿಟ್ಟ ಒಂದು ಪುಟ್ಟ ಚಿತ್ರ ಲೋಡ್ ಆದರೆ ಪತ್ರ ತೆರೆದರು ಅಂತ ಟೂಲ್ ಎಣಿಸುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಐಫೋನ್‌ಗೆ ಐಒಎಸ್ 15 ಬಂದ ಮೇಲೆ ಆಪಲ್‌ನ ಮೇಲ್ ಆ್ಯಪ್ ಗೌಪ್ಯತೆ ರಕ್ಷಣೆ ಆನ್ ಇಟ್ಟವರಿಗೆ ಚಿತ್ರಗಳನ್ನು ತಾನೇ ಮುಂಚಿತವಾಗಿ ಲೋಡ್ ಮಾಡಿಬಿಡುತ್ತದೆ. ಯಾರೂ ತೆರೆಯದ ಪತ್ರವೂ ತೆರೆದ ಲೆಕ್ಕಕ್ಕೆ ಸೇರುತ್ತದೆ. ಆ ನಂಬರ್ ಇಟ್ಟುಕೊಂಡು ಓದುಗರ ಮನಸ್ಸು ತಿಳಿದೆವು ಅಂದುಕೊಳ್ಳುವುದನ್ನು ಬಿಡಬೇಕು. ಉತ್ತರಗಳನ್ನು ಓದಬೇಕು.

ನಾನು ಅದನ್ನೇ ಮಾಡಿದೆ. ಹೊಸಬರ ಉತ್ತರಗಳನ್ನೆಲ್ಲ ಒಂದೊಂದಾಗಿ ಓದಿದೆ. ನಾನು ಎಲ್ಲಿ ಓದಿದೆ ಅಂತ ಒಬ್ಬರೂ ಕೇಳಿರಲಿಲ್ಲ. ನನ್ನ ವಿಳಾಸ ಎಲ್ಲಿ ಸಿಕ್ಕಿತು? ಎಷ್ಟು ದಿನಕ್ಕೊಮ್ಮೆ ಬರುತ್ತೀರಿ? ನನ್ನ ಮನೆಯ ಕಷ್ಟಕ್ಕೆ ಇದರಿಂದ ಏನಾದರೂ ಸಿಗುತ್ತದಾ? ಹೆಚ್ಚು ಕಡಿಮೆ ಇವೇ ಇದ್ದವು. ಮೊದಲೆರಡಕ್ಕೆ ಎರಡು ಸಾಲು ಸಾಕು. ನನ್ನ ಪರಿಚಯ ಇರಬೇಕಾದದ್ದು ಮೂರನೆಯದರ ಒಳಗೆ.

ಎರಡನೇ ಸಲ ಬರೆದದ್ದು ಹೀಗೆ ಶುರುವಾಗುತ್ತದೆ: "ಇನ್ನೊಂದು ಪತ್ರಕ್ಕೆ ಸೇರುವಾಗ ನೀವು ಇದಕ್ಕೂ ಟಿಕ್ ಹಾಕಿದ್ದಿರಿ. ಬೇಡವಾದರೆ ಇಲ್ಲೇ ಒತ್ತಿ, ಬೇಜಾರಿಲ್ಲ. ಪ್ರತಿ ಮಂಗಳವಾರ ಒಂದು ಪತ್ರ ಬರುತ್ತದೆ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುತ್ತಿದ್ದೆ, ಹಾಸಿಗೆ ಹುಣ್ಣು ಆಗಬಾರದು ಅಂತ. ಅಲ್ಲಿ ಜೊತೆಗೆ ಇನ್ನೊಬ್ಬರು ಇರುತ್ತಿದ್ದರು. ಮನೆಯಲ್ಲಿ ಅಮ್ಮನಿಗೆ ಅದೇ ಕೆಲಸ ಒಬ್ಬಳೇ ಮಾಡುವಾಗ ಮೂರನೇ ರಾತ್ರಿ ನನ್ನ ಸೊಂಟ ಹಿಡಿದುಕೊಂಡಿತು. ಒಬ್ಬರೇ ಇರುವವರಿಗಾಗಿ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಯಾರಿದ್ದಾರೆ?"

ಸುಮ್ನೆ ಇಷ್ಟೇ. ಡಿಗ್ರಿ, ವಾರ್ಡ್‌ಗಳ ಪಟ್ಟಿ ಎಲ್ಲ ಹೋಯಿತು. ಈಗ ಇದು ಬ್ರಾಡ್‌ಕಾಸ್ಟ್ ಅಲ್ಲ, ಆಟೊಮೇಷನ್. ಸೇರಿದವರಿಗೆ ಸೇರಿದ ದಿನವೇ ಒಂದು ಸಲ ಹೋಗುತ್ತದೆ, ಹಳಬರ ಹತ್ತಿರ ಸುಳಿಯುವುದಿಲ್ಲ. ಅನ್‌ಸಬ್‌ಸ್ಕ್ರೈಬ್ ಲಿಂಕ್ ಅಷ್ಟು ಮೇಲೆ ಬೇಡ ಅಂತ ಮ್ಯಾನೇಜರ್ ವಾದ ಮಾಡಿದರು. ನಾನು ಬಿಡಲಿಲ್ಲ. ಕೊನೆಯ ಪ್ರಶ್ನೆಗೆ ಜನ ನಿಜವಾಗಿ ಉತ್ತರ ಬರೆಯುತ್ತಾರೆ. ಕೆಲವರು ಎರಡು ಸಾಲು, ಕೆಲವರು ಎರಡು ಪುಟ. ಮುಂದಿನ ಪತ್ರಗಳ ವಿಷಯ ನನಗೆ ಅಲ್ಲೇ ಸಿಗುತ್ತದೆ.

ಆ ಹಳೆಯ ಓದುಗರಿಗೆ, ತಪ್ಪು ಮೇಲ್ ಹೋದ ದಿನವೇ ಸಂಜೆ, ಬೇರೆಯಾಗಿ ಬರೆದಿದ್ದೆ. ಟೂಲ್ ತಪ್ಪು ಅನ್ನಲಿಲ್ಲ. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ ಅಂತ ಬರೆದೆ. ಹತ್ತು ದಿನ ಉತ್ತರ ಇಲ್ಲ. ಹನ್ನೊಂದನೇ ದಿನ ಬಂತು. ಆಗಿಹೋದದ್ದರ ಬಗ್ಗೆ ಒಂದು ಮಾತೂ ಇರಲಿಲ್ಲ. ಅತ್ತೆ ಈಗ ಹಾಸಿಗೆ ಹಿಡಿದಿದ್ದಾರೆ, ಹಿಮ್ಮಡಿ ಕೆಂಪಾಗಿದೆ, ಒತ್ತಿದರೂ ಕೆಂಪು ಹೋಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದರು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ, ಆ ಜಾಗ ಉಜ್ಜಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ ಅಂತ ತಕ್ಷಣ ಬರೆದು ಕಳಿಸಿದೆ.